ಕಲಬುರಗಿ ಬಿಸಿಲಿಗೆ ಸೀ ಹಾರ್ಸ್ ತರಿಸಬೇಡಿ

ನಿನ್ನೆ ಸಂಜೆ ಬ್ರಹ್ಮಪುರದ ಗೆಳೆಯರೊಬ್ಬರು ಒಂದು ವಿಡಿಯೋ ಕಳಿಸಿದರು. "ಭಾಳ ಚೆಂದ ಅದ, ಮಗನ ಹುಟ್ಟುಹಬ್ಬಕ್ಕೆ ತರಿಸ್ಲೇನು?" ಅಂತ ಕೇಳಿದರು. ವಿಡಿಯೋದಲ್ಲಿ ಇದ್ದದ್ದು ಸೀ ಹಾರ್ಸ್, ಅಂದರೆ ಕಡಲ ಕುದುರೆ. ನನಗೆ ಮಾರಿದವನದೇ ವಿಡಿಯೋ. ಅವನು ಇನ್ನೂ ಮಾರುತ್ತಿದ್ದಾನೆ ಅಂತ ಗೊತ್ತಾಗಿ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಮಗಳ ಆಸೆಗೆ ನಾನೂ ಒಂದು ತರಿಸಿದ್ದೆ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: ಚಿಕ್ಕ ಮೀನು, ಚಿಕ್ಕ ಟ್ಯಾಂಕ್ ಸಾಕು, ಉಪ್ಪು ನಾನೇ ಕಳಿಸ್ತೀನಿ, ಎರಡು ದಿನ ನೀರು ಓಡಿಸಿ ಮೂರನೇ ದಿನ ಬಿಡಿ. ನಾನು 40 ಲೀಟರ್ ಟ್ಯಾಂಕ್ ತಂದು ಹಾಲ್‌ನ ಪರ್ಸಿ ಕಟ್ಟೆ ಮೇಲೆ ಇಟ್ಟೆ. ಬಸ್ಸಿನ ಪಾರ್ಸೆಲ್‌ನಲ್ಲಿ ಥರ್ಮಾಕೋಲ್ ಡಬ್ಬಿ ಬಂತು.

ಬಿಟ್ಟ ಕೂಡಲೇ ಅದು ಹೋಗಿ ಥರ್ಮಾಮೀಟರ್ ವೈರಿಗೆ ಬಾಲ ಸುತ್ತಿಕೊಂಡು ನಿಂತಿತು. ಒಂದು ಕಣ್ಣು ಮಗಳ ಕಡೆ, ಇನ್ನೊಂದು ಗೋಡೆ ಕಡೆ. ಎರಡೂ ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಬೆನ್ನಿನ ಪುಟ್ಟ ರೆಕ್ಕೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಅಲ್ಲಿ ನೀರು ನಡುಗಿದ ಹಾಗೆ ಮಾತ್ರ ಕಾಣುತ್ತಿತ್ತು. ಮಗಳು ಅವತ್ತು ಊಟಕ್ಕೂ ಏಳಲಿಲ್ಲ.

ಅದು ಬದುಕಿದ್ದು ಒಂಬತ್ತೇ ದಿನ.

"ಎರಡು ದಿನ ಸಾಕು" ಅನ್ನೋದು ಶುದ್ಧ ಸುಳ್ಳು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಅನ್ನೋ ವಿಷ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೊಸ ಟ್ಯಾಂಕ್‌ನಲ್ಲಿ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಐದನೇ ದಿನ ನಾನು ಟೆಸ್ಟ್ ಕಿಟ್ ತಂದು ನೋಡಿದಾಗ ಟ್ಯೂಬಿನ ನೀರು ಹಸಿರಾಯಿತು, ಅಂದರೆ ಅಮೋನಿಯ ಇತ್ತು. ಅದು ಸೊನ್ನೆ ಇರಬೇಕಿತ್ತು. ಪಾಪ, ಆ ಜೀವ ವಿಷದಲ್ಲೇ ಉಸಿರಾಡುತ್ತಿತ್ತು.

ಚಿಕ್ಕ ಟ್ಯಾಂಕ್ ಸುಲಭ ಅನ್ನೋದೂ ತಪ್ಪು. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. ನಮ್ಮ ಒಣ ಬಿಸಿಲಿಗೆ ದಿನಾ ಒಂದು ಬೆರಳಿನಷ್ಟು ನೀರು ಇಂಗುತ್ತಿತ್ತು. ನಾನು ಉಪ್ಪುನೀರನ್ನೇ ಕಲಸಿ ತುಂಬಿಸುತ್ತಾ ಹೋದೆ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಬೇಕಾದದ್ದು ಸಿಹಿನೀರು, ಅದೂ ಆರ್‌ಒ ನೀರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನೀರಿನ ಉಪ್ಪಿನಂಶ ಅಳೆಯುವ ಹೈಡ್ರೋಮೀಟರ್ 1.024 ತೋರಿಸಬೇಕಿತ್ತು, ಒಂದೇ ವಾರದಲ್ಲಿ 1.030 ತೋರಿಸಿತು.

ಊಟದ್ದಂತೂ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಈ ಜೀವಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ತಿಂದದ್ದು ಬೇಗ ಹೊರಗೆ ಹೋಗುತ್ತದೆ. ಹಾಗಾಗಿ ದಿನಕ್ಕೆ ಮೂರ್ನಾಲ್ಕು ಸಲವಾದರೂ ಸಣ್ಣ ಸೀಗಡಿಯಂಥ ಆಹಾರ ಬೇಕು. ಕೊಳವೆ ಬಾಯಿಂದ ಹೀರಿ ಇಡಿಯಾಗಿ ನುಂಗುತ್ತದೆ. ಅವನು ಕೊಟ್ಟಿದ್ದ ಒಣ ಪುಡಿಯನ್ನು ಅದು ತಿರುಗಿಯೂ ನೋಡಲಿಲ್ಲ. ಆರ್ಟೀಮಿಯಾ ಅನ್ನೋ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆ ತರಿಸಿ ಮರಿ ಮಾಡಿದೆ. ಆಗ ಮಾತ್ರ "ಟಿಕ್" ಅಂತ ಸಣ್ಣ ಸದ್ದು ಮಾಡಿ ತಿಂದಿತು. ಆದರೆ ಆಗತಾನೇ ಹುಟ್ಟಿದ ಆರ್ಟೀಮಿಯಾದಿಂದ ಬೆಳೆದ ಸೀ ಹಾರ್ಸ್‌ಗೆ ಬೇಕಾದಷ್ಟು ಸತ್ವ ಸಿಗಲ್ಲ. ಅಷ್ಟರಲ್ಲಿ ತಡವೂ ಆಗಿತ್ತು.

ಕೊನೆಗೆ ಕೊಂದದ್ದು ಬಿಸಿ. ಇವಕ್ಕೆ ನೀರು 22ರಿಂದ 25 ಡಿಗ್ರಿ ಒಳಗೆ ಇರಬೇಕು. ಜಾಸ್ತಿಯಾದರೆ ರೋಗದ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ನೀರಿನಲ್ಲಿ ಆಮ್ಲಜನಕವೂ ಕಡಿಮೆಯಾಗುತ್ತದೆ. ನಮ್ಮ ಬೇಸಿಗೆ ಗೊತ್ತಲ್ವಾ, 42 ಡಿಗ್ರಿ ದಾಟುತ್ತದೆ. ನೀರು ತಂಪು ಮಾಡುವ ಯಂತ್ರ, ಅಂದರೆ ಚಿಲ್ಲರ್ ಇಲ್ಲದೆ ಸಾಧ್ಯವೇ ಇಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ನೀರು 33 ಆಗಿತ್ತು. ಐಸ್ ಬಾಟಲಿ ಬಿಟ್ಟೆ, ಗಬಕ್ಕನೆ ಇಳಿಯಿತು, ಮತ್ತೆ ಏರಿತು. ಹಾಗೆ ಏರಿಳಿಸಿದ್ದೂ ತಪ್ಪೇ. ಸಂಜೆ ಹೊತ್ತಿಗೆ ವೈರಿಗೆ ಸುತ್ತಿದ್ದ ಬಾಲ ಮೆಲ್ಲಗೆ ಬಿಚ್ಚಿಕೊಂಡಿತು. ಮಗಳು ಅಲ್ಲೇ ನಿಂತಿದ್ದಳು.

ಆಮೇಲೆ ಗೊತ್ತಾದ ಸಂಗತಿ ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಎಲ್ಲ ಜಾತಿಯ ಕಡಲ ಕುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಗೆ ಸೇರಿಸಿದ್ದಾರೆ. ಹಿಡಿಯೋದು, ಮಾರೋದು ಅಪರಾಧ. ಕೊಂಡು ಮನೆಯಲ್ಲಿ ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ. "ಟ್ಯಾಂಕ್‌ನಲ್ಲೇ ಹುಟ್ಟಿದ್ದು" ಅಂತ ಅವನು ಆಣೆ ಮಾಡಿದ್ದ. ಒಂದು ಕಾಗದವನ್ನೂ ತೋರಿಸಲಿಲ್ಲ. ತಮಿಳುನಾಡು ತೀರದ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಕಡೆ ಸೀಗಡಿ ಬಲೆಗೆ ಇವು ಸಿಕ್ಕಿಬೀಳುತ್ತವೆ. ನಮ್ಮದೂ ಹಾಗೆ ಸಮುದ್ರದಿಂದಲೇ ಬಂದಿತ್ತು ಅಂತ ನನಗೆ ಈಗ ಅನಿಸುತ್ತದೆ.

ಯಾರಾದರೂ ಆಗಲೇ ಅಡ್ವಾನ್ಸ್ ಕೊಟ್ಟಿದ್ದರೆ ಆ ದುಡ್ಡು ಹೋದರೆ ಹೋಗಲಿ, ಪಾರ್ಸೆಲ್ ಕಳಿಸಬೇಡ ಅಂತ ಇವತ್ತೇ ಹೇಳಿಬಿಡಿ. ಅವನ ಮೆಸೇಜ್‌ಗಳನ್ನು ಅಳಿಸಬೇಡಿ. ಅರಣ್ಯ ಇಲಾಖೆಗೆ ತೋರಿಸಿ. ನನ್ನ ಹತ್ತಿರ ಇದ್ದವನ್ನೆಲ್ಲ ನಾಳೆ ಬೆಳಿಗ್ಗೆ ತೆಗೆದುಕೊಂಡು ಹೋಗುತ್ತಿದ್ದೇನೆ. ಬ್ರಹ್ಮಪುರದ ಗೆಳೆಯರೂ ಬರ್ತೀನಿ ಅಂದಿದ್ದಾರೆ.