ಪಾಲಿಕ್ರೋಮೋಸ್ ಕಲರ್ ಪೆನ್ಸಿಲ್: ಗಿಡ, ಎಲೆ, ಹೂವು ಬಿಡಿಸೋದು ಕಲೀತಿರೋರಿಗೆ ದೊಡ್ಡ ಡಬ್ಬಿ ಬೇಡ, ಬಿಡಿ ಪೆನ್ಸಿಲ್ ಸಾಕು

ಬೊಟಾನಿಕಲ್ ಡ್ರಾಯಿಂಗ್ ಕಲೀಬೇಕು ಅಂತ ಇರೋರು ಮೊದ್ಲು ಕೇಳೋದು ಯಾವ ಪೆನ್ಸಿಲ್ ತಗೊಳ್ಲಿ ಅಂತ. ಆಮೇಲೆ ಆನ್‌ಲೈನಲ್ಲಿ 120 ಬಣ್ಣದ ತಗಡಿನ ಡಬ್ಬಿ ನೋಡ್ತಾರೆ, ರೇಟ್ ನೋಡ್ತಾರೆ, ಇದು ನಮ್ಮಂಥೋರಿಗಲ್ಲ ಬಿಡಪ್ಪ ಅಂತ ಅಲ್ಲಿಗೇ ಕೈಬಿಡ್ತಾರೆ. ಹಂಗೆ ಬಿಡೋದು ಬೇಡ ಅನ್ನೋಕೇ ಈ ರಿವ್ಯೂ ಬರೀತಿದೀನಿ. ನಾನು ಎಲೆ, ಹೂವು ಬಿಡಿಸೋಕೆ ಬಳಸೋದು ಫೇಬರ್-ಕ್ಯಾಸ್ಟೆಲ್ ಪಾಲಿಕ್ರೋಮೋಸ್, ಈ ಕೆಲಸಕ್ಕೆ ತುಂಬಾ ಒಳ್ಳೆ ಪೆನ್ಸಿಲ್, ಆದ್ರೆ ಡಬ್ಬಿ ತಗೋಬೇಡಿ, ಬಿಡಿಯಾಗಿ ಹತ್ತು ಹನ್ನೆರಡು ಬಣ್ಣ ಆರಿಸ್ಕೊಳ್ಳಿ, ಮಿಕ್ಕ ದುಡ್ಡು ಪೇಪರಿಗೆ ಹಾಕಿ.

ಸ್ಕೂಲ್ ಮಕ್ಕಳ ಕಂಪಾಸ್ ಬಾಕ್ಸಲ್ಲಿರೋ ಅದೇ ಕಂಪನಿದು, ಆದ್ರೆ ಇದು ಬೇರೆನೇ ಮಾಲು. ಜರ್ಮನಿಯಲ್ಲಿ ತಯಾರಾಗತ್ತೆ, 1908ರಿಂದ ಮಾರ್ಕೆಟ್‌ನಲ್ಲಿದೆ. ಒಳಗಿನ ಲೆಡ್ 3.8 ಮಿಲಿಮೀಟರ್ ದಪ್ಪ, ಮೇಣಕ್ಕಿಂತ ಎಣ್ಣೆ ಅಂಶ ಜಾಸ್ತಿ. ಇದ್ರಿಂದ ಎರಡು ಲಾಭ. ಒಂದು, ತುದಿ ಸೂಜಿ ಥರ ಚೂಪಾಗತ್ತೆ, ಚೂಪಾಗೇ ಸ್ವಲ್ಪ ಹೊತ್ತು ನಿಲ್ಲತ್ತೆ, ಎಲೆ ಅಂಚಿನ ಗರಗಸದಂಥ ಹಲ್ಲು, ಹೂವಿನ ಕೇಸರದ ತುದಿ ಎಲ್ಲ ಬಿಡಿಸೋಕೆ ಅದು ಬೇಕೇಬೇಕು. ಇನ್ನೊಂದು, ಮೇಣದ ಪೆನ್ಸಿಲಲ್ಲಿ ದಟ್ಟವಾಗಿ ಹಾಕಿದ ಜಾಗದಲ್ಲಿ ಕೆಲವು ದಿನ ಆದ್ಮೇಲೆ ಬೂದಿ ಬಳಿದ ಹಾಗೆ ಮೇಲೊಂದು ಬಿಳಿ ಪೊರೆ ಬರತ್ತಲ್ಲ, ಆ ಕಾಟ ಇದ್ರಲ್ಲಿಲ್ಲ. ಪ್ರಿಸ್ಮಾಕಲರ್ ಥರದ ಮೆತ್ತನೆ ಪೆನ್ಸಿಲ್ ಬಣ್ಣ ಬೇಗ ತುಂಬತ್ತೆ ನಿಜ, ದೊಡ್ಡ ದಳ ಇರೋ ಹೂವಿಗೆ ಚೆನ್ನಾಗೇ ಇರತ್ತೆ, ಆದ್ರೆ ಸಣ್ಣ ಗೆರೆ ಎಳೆಯೋಕೆ ಕಲೀತಿರೋ ಕೈಗೆ ಗಟ್ಟಿ ಪೆನ್ಸಿಲ್ಲೇ ವಾಸಿ ಅಂತ ನನ್ನ ಅಭಿಪ್ರಾಯ.

ಯಾವ ಬಣ್ಣ ಅಂತೀರಾ? ನನ್ನ ಆಯ್ಕೆ ಹೇಳ್ತೀನಿ, ನಂಬರ್ ಸಮೇತ, ಅಂಗಡೀಲಿ ಕೇಳೋಕೆ ಸುಲಭ ಆಗತ್ತೆ. ಹಸಿರಲ್ಲಿ 170 ಮೇ ಗ್ರೀನ್, 167 ಪರ್ಮನೆಂಟ್ ಗ್ರೀನ್ ಆಲಿವ್, 165 ಜುನಿಪರ್ ಗ್ರೀನ್, ಇಷ್ಟು ಸಾಕು. ನೆರಳಿಗೆ 157 ಡಾರ್ಕ್ ಇಂಡಿಗೊ, 175 ಡಾರ್ಕ್ ಸೆಪಿಯಾ, ಕಪ್ಪು ಪೆನ್ಸಿಲ್ ತಗೊಳ್ಳೋದೇ ಬೇಡ, ಕಪ್ಪು ಹಾಕಿದ್ರೆ ಎಲೆ ಸತ್ತೋದ ಹಾಗೆ ಕಾಣತ್ತೆ. 103 ಐವರಿ, 107 ಕ್ಯಾಡ್ಮಿಯಂ ಯೆಲ್ಲೋ, 225 ಡಾರ್ಕ್ ರೆಡ್, 133 ಮಜೆಂಟಾ, 283 ಬರ್ನ್ಟ್ ಸಿಯೆನ್ನಾ, ಜೊತೆಗೊಂದು ತಿಳಿ ನೀಲಿ. ಬಾಕಿ ಹಸಿರೆಲ್ಲ ಒಂದರ ಮೇಲೊಂದು ಹಾಕಿ ನಾವೇ ಮಾಡ್ಕೊಳ್ಳೋದು, ಯಾಕಂದ್ರೆ ಪೆನ್ಸಿಲಿಂದ ನೇರ ಬರೋ ಹಸಿರು ಯಾವ ಗಿಡದಲ್ಲೂ ಇರಲ್ಲ, ಅದ್ರ ಮೇಲೆ ಒಂದು ಪದರ ಕೆಂಪು ತೆಳ್ಳಗೆ ಎಳೆದ್ರೇನೇ ಕಣ್ಣು ಕುಕ್ಕೋದು ನಿಂತು ನಿಜವಾದ ಎಲೆ ಬಣ್ಣ ಬರೋದು. ಈ ಕೆಂಪಿನ ವಿಷ್ಯ ಗೊತ್ತಾದ್ಮೇಲೆ ನನಗಂತೂ 120 ಬಣ್ಣದ ಆಸೆನೇ ಹೊರಟೋಯ್ತು.

ಕಲಿಯೋಕೆ ಯಾವ ಗಿಡ ಅಂದ್ರೆ ನಾನು ಹೇಳೋದು ವೀಳ್ಯದೆಲೆ. ಎಲ್ಲಾ ಊರಲ್ಲೂ ಸಿಗತ್ತೆ, ಒದ್ದೆ ಬಟ್ಟೇಲಿ ಸುತ್ತಿಟ್ರೆ ಬಾಡಲ್ಲ, ದಾಸವಾಳದ ಥರ ಸಂಜೆಗೆ ಮುದುಡ್ಕೊಂಡು ಅರ್ಧಕ್ಕೇ ಕೈಕೊಡಲ್ಲ. ಒಂದು ಎಲೆ ತಗೊಂಡು ಕಿಟಕಿ ಹತ್ರ ಇಟ್ಟು ನೋಡಿ, ತೊಟ್ಟಿನ ಹತ್ರದಿಂದ ಹೊರಟ ನರಗಳು ಬಿಲ್ಲಿನ ಹಾಗೆ ಬಾಗಿ ತುದಿ ಕಡೆ ಓಡ್ತವೆ, ಎರಡು ನರದ ಮಧ್ಯೆ ಎಲೆ ಸ್ವಲ್ಪ ಉಬ್ಬಿರತ್ತೆ, ಆ ಉಬ್ಬಿನ ಮೇಲೆ ಬೀಳೋ ಹೊಳಪು ಬಿಳಿ ಅಲ್ಲ, ಆಕಾಶದ ನೀಲಿ! ತಿರುಗ್ಸಿ ಹಿಂಬದಿ ನೋಡಿದ್ರೆ ಬಣ್ಣ ಪೇಲವ, ಮುಂದೆ ಒಳಗೆ ಇಳಿದಿದ್ದ ನರ ಹಿಂದೆ ಎದ್ದು ನಿಂತಿರತ್ತೆ. ಬರೀ ಈ ಒಂದು ಎಲೆಯ ಎರಡೂ ಬದಿ ಬಿಡಿಸೋದ್ರಲ್ಲೇ ಮುಕ್ಕಾಲು ಪಾಠ ಇದೆ.

ಪೆನ್ಸಿಲ್ ಹೆಂಗೆ ವರ್ತಿಸತ್ತೆ ಅಂತಾನೂ ಇದ್ರಲ್ಲೇ ಗೊತ್ತಾಗತ್ತೆ. ಮೊದ್ಲು ಸಾದಾ ಎಚ್‌ಬಿ ಪೆನ್ಸಿಲಲ್ಲಿ ಎಲೆ ಅಳತೆ ಎಷ್ಟಿದ್ಯೋ ಅಷ್ಟೇ ದೊಡ್ಡದಾಗಿ ಔಟ್‌ಲೈನ್ ಹಾಕಿ, ಮೆತ್ತನೆ ಹಿಟ್ಟಿನಂಥ ರಬ್ಬರ್ ಬರತ್ತಲ್ಲ ಅದ್ರಲ್ಲಿ ಒತ್ತಿ ಒತ್ತಿ ಗೆರೆ ಕಾಣೋ ಹಾಗೂ ಇಲ್ಲ ಕಾಣದ ಹಾಗೂ ಇಲ್ಲ ಅನ್ನೋವಷ್ಟು ತಿಳಿ ಮಾಡ್ಕೊಳ್ಳಿ, ಕಲರ್ ಪೆನ್ಸಿಲ್ ಮೇಲೆ ಬಿದ್ಮೇಲೆ ಒಳಗಿರೋ ಸೀಸದ ಗೆರೆ ಅಳಿಸೋಕಾಗಲ್ಲ. ಸಣ್ಣ ನರಗಳಿಗೆ ಇಂಕ್ ಮುಗಿದ ಬಾಲ್‌ಪೆನ್ ತಗೊಂಡು ಪೇಪರ್ ಮೇಲೆ ಒತ್ತಿ ಗೀರಿಟ್ರೆ ಆಮೇಲೆ ಬಣ್ಣ ಹಾಕೋವಾಗ ಆ ಗೀರು ಬೆಳ್ಳಗೆ ಹಾಗೇ ಉಳ್ಕೊಳತ್ತೆ. ಆಮೇಲೆ ಇಂಡಿಗೊದಲ್ಲಿ ನೆರಳು, ಹೊಳಪಿರೋ ಕಡೆ ತಿಳಿ ನೀಲಿ, ಅದ್ರ ಮೇಲೆ ಮೇ ಗ್ರೀನ್, ಆಲಿವ್, ಮತ್ತೆ ಇಂಡಿಗೊ, ಕೈ ಭಾರ ಬಿಡದೆ ಪದರದ ಮೇಲೆ ಪದರ. ಕೊನೆಗೆ ಐವರಿಯಿಂದ ಗಟ್ಟಿಯಾಗಿ ತಿಕ್ಕಿದ್ರೆ ಎಲ್ಲ ಬಣ್ಣ ಒಂದಾಗಿ ವೀಳ್ಯದೆಲೆಯ ಆ ಎಣ್ಣೆ ಸವರಿದಂಥ ಮೇಲ್ಮೈ ಬರತ್ತೆ. ಇದು ಮಾತ್ರ ಕಟ್ಟಕಡೆಗೆ, ಯಾಕಂದ್ರೆ ತಿಕ್ಕಿ ನುಣ್ಣಗಾದ ಜಾಗ ಮತ್ತೆ ಜಾಸ್ತಿ ಬಣ್ಣ ಹಿಡಿಯಲ್ಲ.

ಮೈನಸ್ ಏನು ಅಂದ್ರೆ, ಬಿಳಿ ಪೆನ್ಸಿಲ್ ಗಾಢ ಬಣ್ಣದ ಮೇಲೆ ಏನೂ ಕೂರಲ್ಲ, ಹಾಗಾಗಿ ಬಿಳಿ ಬೇಕಾದ ಜಾಗ ಮೊದಲಿಂದ್ಲೂ ಖಾಲಿ ಬಿಟ್ಕೊಂಡೇ ಬರಬೇಕು. ಮತ್ತೆ ನಿಧಾನ. ಒಂದು ಅಂಗೈಯಗಲ ಎಲೆಗೆ ಗಂಟೆಗಟ್ಟಲೆ ಹಿಡಿಯತ್ತೆ. ಅವಸರ ಇರೋರಿಗೆ ವಾಟರ್‌ಕಲರೇ ಸರಿ. ನಮ್ಮ ಲಾಲ್‌ಬಾಗ್‌ನಲ್ಲಿ ಹಿಂದೆ ಚೆಲುವಯ್ಯ ರಾಜು ಅಂತ ಕಲಾವಿದರು ತೋಟದ ಗಿಡಗಳನ್ನ ಎಷ್ಟು ಅಚ್ಚುಕಟ್ಟಾಗಿ ಜಲವರ್ಣದಲ್ಲಿ ಬಿಡಿಸಿದ್ರು, ಆ ಕೆಲಸದ ಬಗ್ಗೆ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗ್ಬೇಕು ಅಂತ ನನಗೆ ತುಂಬಾ ಆಸೆ. ಆದ್ರೆ ನೀರು, ಬ್ರಷ್ಷು, ತಟ್ಟೆ ಏನೂ ಇಲ್ದೆ ಅದೇ ಲಾಲ್‌ಬಾಗ್ ಬೆಂಚಲ್ಲಿ ಕೂತು ಮಡಿಲಲ್ಲೇ ಕೆಲಸ ಮಾಡೋ ಅನುಕೂಲ ಪೆನ್ಸಿಲಲ್ಲಿ ಮಾತ್ರ.

ಪೇಪರ್ ಬಗ್ಗೆ ಹೇಳ್ದೆ ಇದ್ರೆ ರಿವ್ಯೂ ಅರ್ಧ. ತರಿತರಿ ಪೇಪರಲ್ಲಿ ಎಷ್ಟೇ ದುಬಾರಿ ಪೆನ್ಸಿಲ್ ಇದ್ರೂ ಬಿಳಿ ಚುಕ್ಕೆ ಚುಕ್ಕೆ ಉಳಿದು ಎಲೆಗೆ ರೋಗ ಬಂದಂಗೆ ಕಾಣತ್ತೆ. ಹಾಟ್ ಪ್ರೆಸ್ ಅಂತ ಬರೆದಿರೋ ನುಣುಪು ಪೇಪರ್, 300 ಜಿಎಸ್‌ಎಂ (ಒಂದು ಚದರ ಮೀಟರ್ ಪೇಪರಿನ ತೂಕ ಗ್ರಾಂನಲ್ಲಿ, ಅಂದ್ರೆ ದಪ್ಪ ಪೇಪರ್), ಸಾಧ್ಯ ಆದ್ರೆ 100% ಕಾಟನ್, ಇದನ್ನ ಕೇಳಿ ತಗೊಳ್ಳಿ. ಫ್ಯಾಬ್ರಿಯಾನೊ ಆರ್ಟಿಸ್ಟಿಕೊ ಹಾಟ್ ಪ್ರೆಸ್ ನನಗೆ ತುಂಬಾ ಇಷ್ಟ, ದೊಡ್ಡ ಶೀಟ್ ತಗೊಂಡು ಎಂಟು ಭಾಗ ಮಾಡ್ಕೊಂಡ್ರೆ ಕೈಗೆಟಕತ್ತೆ. ಪ್ರಾಕ್ಟೀಸಿಗೆ ಡ್ರಾಯಿಂಗ್ ಬುಕ್ಕಲ್ಲಿ ಬರೋಂಥ ಸಾದಾ ಕಾರ್ಟ್ರಿಡ್ಜ್ ಪೇಪರ್ ಸಾಕು. ಮಲೆನಾಡು, ಕರಾವಳಿ ಕಡೆಯೋರು ಮಳೆಗಾಲದಲ್ಲಿ ಪೇಪರನ್ನ ಪ್ಲಾಸ್ಟಿಕ್ ಕವರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಇಲ್ದಿದ್ರೆ ಬೂಸಲು ಚುಕ್ಕೆ ಗ್ಯಾರಂಟಿ.

ಬಿಡಿ ಪೆನ್ಸಿಲ್ ದೊಡ್ಡ ಆರ್ಟ್ ಅಂಗಡಿಗಳಲ್ಲಿ, ಆನ್‌ಲೈನಲ್ಲಿ ಎರಡೂ ಕಡೆ ಸಿಗತ್ತೆ. ಅಂಗಡಿಗೇ ಹೋದ್ರೆ ಒಳ್ಳೇದು, ಪೆನ್ಸಿಲ್ ಮೇಲೆ ಇರೋ ನಕ್ಷತ್ರ ನೋಡಿ ಆರಿಸ್ಬಹುದು, ಮೂರು ನಕ್ಷತ್ರ ಅಂದ್ರೆ ಬೆಳಕಿಗೆ ಬಣ್ಣ ಮಾಸದೇ ಇರೋದ್ರಲ್ಲಿ ಎಲ್ಲಕ್ಕಿಂತ ಮೇಲು. ಗೋಡೆಗೆ ಹಾಕೋ ಚಿತ್ರ ಅಂದ್ರೆ ಇದನ್ನ ನೋಡ್ಲೇಬೇಕು. ಮೇ ಗ್ರೀನೂ ಡಾರ್ಕ್ ಇಂಡಿಗೊನೂ ಎಲ್ಲಕ್ಕಿಂತ ಬೇಗ ಸವೆಯತ್ತೆ, ಅವೆರಡು ಮೊದ್ಲೇ ಎರಡೆರಡು ತಗೊಂಡ್ಬಿಡಿ.