ಹಾಸನದ ಹೆರಿಗೆ ಸಿದ್ಧತಾ ತರಗತಿ: ಮೊದಲ ಹಂತಕ್ಕೆ ಪೂರ್ಣ ಅಂಕ, ಮೂರನೆಯದಕ್ಕೆ ಇಲ್ಲ

ಮಗಳ ಚೊಚ್ಚಲ ಹೆರಿಗೆಗೆ ಮುನ್ನ, ಹಾಸನದ ಖಾಸಗಿ ಕೇಂದ್ರವೊಂದು ಗರ್ಭಿಣಿಯರಿಗಾಗಿ ನಡೆಸುವ ತರಗತಿಗೆ ಅವಳೊಡನೆ ನಾನೂ ಹೋಗುತ್ತಿದ್ದೆ. ಗಂಡನಾಗಲಿ ತಾಯಿಯಾಗಲಿ ಜೊತೆಗೆ ಕೂರಬಹುದು. ಪಾಠವೆಲ್ಲ ಕನ್ನಡದಲ್ಲಿಯೇ ನಡೆಯುತ್ತದೆ. ತುಂಬು ಬಸುರಿಯರನ್ನು ಕರೆಸುವ ತರಗತಿಯನ್ನು ಲಿಫ್ಟ್ ಇಲ್ಲದ ಕಟ್ಟಡದ ಎರಡನೆಯ ಮಹಡಿಯಲ್ಲಿ ಇಟ್ಟಿರುವುದು ಯಾರ ಆಲೋಚನೆಯೋ ತಿಳಿಯದು.

ಇಲ್ಲಿ ಅತ್ಯುತ್ತಮವಾಗಿ ಕಲಿಸುವುದು ಹೆರಿಗೆಯ ಮೊದಲ ಹಂತವನ್ನು. ಗರ್ಭಕೋಶದ ಮೇಲ್ಭಾಗದ ಸ್ನಾಯುಗಳು ಪ್ರತಿ ಬೇನೆಗೂ ಬಿಗಿದು, ಬೇನೆ ಇಳಿದ ಮೇಲೂ ಮೊದಲಿನ ಉದ್ದಕ್ಕೆ ಮರಳದೆ ತುಸು ಗಿಡ್ಡವಾಗಿಯೇ ಉಳಿಯುತ್ತವೆ. ಹೀಗೆ ಗರ್ಭಕೋಶದ ಕೊರಳನ್ನು ಮೇಲಕ್ಕೆ ಎಳೆಯುತ್ತ, ತೆಳುವಾಗಿಸುತ್ತ, ಕೊನೆಗೆ 10 ಸೆಂಟಿಮೀಟರಿನಷ್ಟು ತೆರೆಸುತ್ತವೆ. ಉದ್ದ ಕೊರಳಿನ ಸ್ವೆಟರೊಂದನ್ನು ಗೊಂಬೆಯ ತಲೆಯ ಮೇಲಿಂದ ನಿಧಾನವಾಗಿ ಎಳೆದು ಇದನ್ನು ತೋರಿಸಿದ ರೀತಿ ಬಹಳ ಹಿಡಿಸಿತು. ಕೊರಳಿನ ಮೇಲೆ ಮಗುವಿನ ತಲೆ ಒತ್ತಿದಷ್ಟೂ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚು ಹೆಚ್ಚಾಗಿ ಬಿಡುಗಡೆಯಾಗಿ ಬೇನೆ ಬಲಗೊಳ್ಳುತ್ತದೆ ಎಂಬುದನ್ನೂ ಬಿಡಿಸಿ ಹೇಳಿದರು.

ಸಕಲೇಶಪುರ ತಾಲ್ಲೂಕಿನ ಮಲೆನಾಡಿನ ಹೆತ್ತೂರು, ಯಸಳೂರು ಕಡೆಯಿಂದ ಬಂದವರಿಗೆ ಇದು ಬರಿಯ ತಿಳಿವಳಿಕೆಯ ಮಾತಲ್ಲ. ಮನೆ ಬಿಡುವುದು ಯಾವಾಗ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ನೀಡಿದ ಮಾರ್ಗಸೂಚಿಯಂತೆ ಕೊರಳು 5 ಸೆಂಟಿಮೀಟರ್ ತೆರೆದ ಮೇಲಷ್ಟೇ ಚುರುಕಿನ ಹಂತ ಆರಂಭ. ಅದಕ್ಕೂ ಹಿಂದಿನ ಅವಧಿ ಇಂತಿಷ್ಟೇ ಎಂದು ಹೇಳಲಾಗದು, ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಳೆಯ ಅಳತೆಯೂ ಎಲ್ಲರಿಗೂ ಹೊಂದದು. ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷ ನಿಲ್ಲುವ ಬೇನೆ ಒಂದು ಗಂಟೆ ಹಾಗೆಯೇ ಮುಂದುವರಿದರೆ ಹೊರಡಿ ಎಂಬ ಸೂತ್ರ ಊರಿನೊಳಗಿನವರಿಗೆ ಸರಿ. ಮಳೆಗಾಲದಲ್ಲಿ ಮರ ಬೀಳುವ ದಾರಿಯವರು ಅಷ್ಟು ಕಾಯಬಾರದು, ನೀರು ಹೋದರೆ, ರಕ್ತ ಕಂಡರೆ ಅಥವಾ ಮಗುವಿನ ಮಿಸುಕಾಟ ಕಡಿಮೆಯಾದರೆ ಯಾರೂ ಕಾಯಬಾರದು, ತಾಯಿ ಕಾರ್ಡ್ ಹಿಡಿದು 108ಕ್ಕೆ ಕರೆ ಮಾಡಬೇಕು ಎಂದು ಸ್ಪಷ್ಟವಾಗಿ ಹೇಳಿದ್ದು ಈ ತರಗತಿಯ ದೊಡ್ಡ ಉಪಕಾರ.

ಎರಡನೆಯ ಹಂತದ ಪಾಠವೂ ಚೆನ್ನಾಗಿತ್ತು. ಮಗು ಅಡ್ಡಮುಖವಾಗಿ ಕಟಿಯೊಳಗೆ ಇಳಿದು, ತಾಯಿಯ ಬೆನ್ನಿನತ್ತ ಮುಖ ತಿರುಗಿಸಿ ಹೊರಬರುವುದನ್ನು ಮಾದರಿಯಲ್ಲಿ ತೋರಿಸಿದರು.

ಆದರೆ ಉಸಿರಾಟದ ಅಭ್ಯಾಸ ಮತ್ತು ಹಿನ್ನೆಲೆ ಸಂಗೀತಕ್ಕೆ ಧಾರಾಳವಾಗಿ ಸಮಯ ಕೊಟ್ಟವರು, ಮಾಸು ಬೀಳುವ ಮೂರನೆಯ ಹಂತವನ್ನು ‘ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಮುಗಿದಿರುವುದಿಲ್ಲ. ಮಾಸು ಕಳಚಿದ ಜಾಗದ ರಕ್ತನಾಳಗಳನ್ನು ಗರ್ಭಕೋಶದ ಹೆಣೆದ ಸ್ನಾಯುಗಳು ಹಿಸುಕಿ ಹಿಡಿಯದಿದ್ದರೆ ರಕ್ತ ನಿಲ್ಲದು. 500 ಮಿಲಿಲೀಟರ್ ದಾಟಿದ ರಕ್ತಸ್ರಾವ ಅಪಾಯದ ಸೂಚನೆ. ಮಗು ಹುಟ್ಟುತ್ತಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಇದಕ್ಕಾಗಿಯೇ, ಆ ಚುಚ್ಚುಮದ್ದು ಏಕೆಂದು ತಿಳಿಯದೆ ಗಾಬರಿಯಾಗುವ ಮನೆಯವರೂ ಇದ್ದಾರೆ. ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸುವುದರಿಂದ ಮಗುವಿಗೆ ಹೆಚ್ಚು ರಕ್ತ ದೊರೆಯುತ್ತದೆಂಬ ವಿಷಯ ಪ್ರಸ್ತಾಪಕ್ಕೇ ಬರಲಿಲ್ಲ.

ಚೊಚ್ಚಲು ಬಸುರಿಯರಿಗೆ, ಅದರಲ್ಲೂ ಸಕಲೇಶಪುರ, ಆಲೂರು ಕಡೆಯವರಿಗೆ ಈ ತರಗತಿಯನ್ನು ಸೂಚಿಸುತ್ತೇನೆ. ಮೂರನೆಯ ಹಂತದ ಬಗ್ಗೆ ಮಾತ್ರ ನಿಮ್ಮ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಪ್ರತ್ಯೇಕವಾಗಿ ಕೇಳಿಕೊಳ್ಳಿ.