ಓಝಾರ್ಕ್ ಗುಡ್ಡಗಳ ಟರ್ಕಿ ಶಿಕಾರಿ ಪ್ಯಾಕೇಜ್: ಹಣ ಕೊಟ್ಟು ಪಡೆದದ್ದು ಏನನ್ನು?

ಅಮೆರಿಕದ ಮಿಸ್ಸೋರಿ ರಾಜ್ಯದ ದಕ್ಷಿಣ ಭಾಗದಲ್ಲಿ ಹಬ್ಬಿರುವ ಓಝಾರ್ಕ್ ಗುಡ್ಡಗಳಲ್ಲಿ ವಸಂತದ ಕಾಡು ಟರ್ಕಿ ಶಿಕಾರಿಗೆಂದು ಗೈಡ್, ವಸತಿ, ಊಟ ಮತ್ತು ಖಾಸಗಿ ಜಮೀನಿನ ಪ್ರವೇಶವನ್ನು ಒಟ್ಟುಗೂಡಿಸಿ ಮಾರುವ ಸಂಸ್ಥೆಗಳು ಹಲವಾರಿವೆ. ಅಂಥ ಒಂದು ಸಂಸ್ಥೆಯ ಸೇವೆಯನ್ನು ಪಡೆದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ. ಈ ಬಗೆಯ ಸೇವೆಗಳಿಗೆ ಬರುವ ವಿಮರ್ಶೆಗಳನ್ನು ಓದಿದರೆ, ಹಕ್ಕಿ ಸಿಕ್ಕವರು ಐದು ನಕ್ಷತ್ರಗಳನ್ನೂ ಸಿಗದವರು ಒಂದನ್ನೂ ಕೊಟ್ಟು ಕೈತೊಳೆದುಕೊಂಡಿರುವುದು ಕಾಣುತ್ತದೆ. ಈ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ. ಕಾಡಿನ ಹಕ್ಕಿಯನ್ನು ಯಾವ ಸಂಸ್ಥೆಯೂ ಮಾರಲಾರದು. ಅದು ಮಾರುವುದು ಹಿಂದಿನ ರಾತ್ರಿ ಹಕ್ಕಿ ಯಾವ ಮರದಲ್ಲಿ ಕೂತಿತ್ತು ಎಂಬ ತಿಳಿವಳಿಕೆಯನ್ನು, ಮತ್ತು ಹಕ್ಕಿ ಬಾರದೆ ಹೋದಾಗ ಗೈಡ್ ತೋರುವ ವಿವೇಕವನ್ನು. ಆ ಎರಡರ ಮೇಲೆ ನನ್ನ ಅಂಕ ಐದಕ್ಕೆ ಮೂರೂವರೆ.

ಈ ಶಿಕಾರಿಯ ಕಷ್ಟವೆಲ್ಲ ಹಕ್ಕಿಯ ಸ್ವಭಾವದಲ್ಲಿಯೇ ಇದೆ. ಬೆದೆಯ ಕಾಲದಲ್ಲಿ ಹುಂಜವು ಗೊಳಗೊಳನೆ ಕೂಗಿ ತಾನಿರುವ ಜಾಗವನ್ನು ಸಾರುತ್ತದೆ, ಆ ಕೂಗನ್ನು ಹಿಡಿದು ಹೇಟೆಗಳು ಅದರ ಬಳಿಗೆ ಹೋಗುತ್ತವೆ. ಶಿಕಾರಿಯವನಾದರೋ ಹೇಟೆಯ ದನಿಯಲ್ಲಿ ಕರೆದು, ಹುಂಜವೇ ತನ್ನತ್ತ ನಡೆದು ಬರಲೆಂದು ಕಾಯುತ್ತಾನೆ. ಅಂದರೆ ಹಕ್ಕಿಗಳ ನಡುವಿನ ವಾಡಿಕೆಯನ್ನೇ ತಿರುವುಮುರುವು ಮಾಡಲು ಹೊರಟಿರುತ್ತಾನೆ. ಆದ್ದರಿಂದಲೇ ಹುಂಜವು ಅನೇಕ ಸಲ ಎಪ್ಪತ್ತು ಎಂಬತ್ತು ಗಜದವರೆಗೆ ಬಂದು, ಕರೆದ ಹೇಟೆ ಕಣ್ಣಿಗೆ ಬೀಳದೆ ಅಲ್ಲಿಯೇ ನಿಂತುಬಿಡುತ್ತದೆ. ಜೊತೆಯಲ್ಲಿ ನಿಜವಾದ ಹೇಟೆಗಳಿದ್ದರೆ ಅಷ್ಟು ದೂರವೂ ಬರುವುದಿಲ್ಲ. ವಾಸನೆಯ ವಿಷಯದಲ್ಲಿ ಟರ್ಕಿ ಮಂದವೇ ಆದರೂ, ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದಾಗಿ ಕುತ್ತಿಗೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ಸುತ್ತಲಿನದೆಲ್ಲವನ್ನೂ ನೋಡಬಲ್ಲದು. ಬಣ್ಣಗಳನ್ನೂ ಚೆನ್ನಾಗಿ ಗುರುತಿಸುತ್ತದೆ. ಇಷ್ಟನ್ನು ತಿಳಿಯದೆ ಗೈಡ್‌ಗೆ ಹಣ ಕಟ್ಟಿದವರು ಎರಡನೆಯ ಬೆಳಗಿನ ಹೊತ್ತಿಗೆ ಗೊಣಗಲು ಆರಂಭಿಸುತ್ತಾರೆ.

ಸಂಸ್ಥೆಯ ದೊಡ್ಡ ಬಲವೆಂದರೆ ಸಂಜೆಯ ಹುಡುಕಾಟ. ಟರ್ಕಿಗಳು ನೆಲದಲ್ಲಿ ಮೇದು, ಕತ್ತಲಾಗುವ ಹೊತ್ತಿಗೆ ಮರವೇರಿ ಕೂರುತ್ತವೆ. ಆ ಸಮಯದಲ್ಲಿ ಗೂಬೆಯ ಕೂಗನ್ನು ಕೇಳಿದ ಹುಂಜವು ತಡೆಯಲಾರದೆ ಮರುಕೂಗು ಹಾಕುವುದುಂಟು. ನಮಗೆ ಮೊದಲು ಸಿಕ್ಕ ಹಿರಿಯ ಗೈಡ್ ಯಾವ ಸಲಕರಣೆಯೂ ಇಲ್ಲದೆ, ಬಾಯಿಂದಲೇ, ಆ ಕಾಡುಗಳಲ್ಲಿ ಸಾಮಾನ್ಯವಾಗಿರುವ ಬಾರ್ಡ್ ಗೂಬೆಯ ಎಂಟು ಸ್ವರಗಳ ಕೂಗನ್ನು ಹಾಕುತ್ತಿದ್ದರು. ಹಳ್ಳದ ಆಚೆಯ ದಿಣ್ಣೆಯಿಂದ ಉತ್ತರ ಬಂದೊಡನೆ ನಕ್ಷೆಯಲ್ಲಿ ಗುರುತು ಹಾಕಿ, ಒಂದು ಮಾತೂ ಆಡದೆ ನಮ್ಮನ್ನು ಹಿಂದಕ್ಕೆ ಕರೆದೊಯ್ದರು. ಮರುದಿನ ಬೆಳಕು ಹರಿಯುವುದಕ್ಕೆ ಬಹಳ ಮೊದಲೇ, ಟಾರ್ಚ್ ಹಚ್ಚದೆ, ಆ ಮರದಿಂದ ಸುಮಾರು ನೂರೈವತ್ತು ಗಜದ ಅಂತರದಲ್ಲಿ ನಮ್ಮನ್ನು ಕೂರಿಸಿದರು. ಇನ್ನೂ ಹತ್ತಿರ ಹೋದರೆ ಹಕ್ಕಿ ಬೆದರುತ್ತದೆ, ದೂರ ಉಳಿದರೆ ಬೇರೆ ಹೇಟೆಗಳು ನಡುವೆ ಬರುತ್ತವೆ ಎಂಬ ಲೆಕ್ಕಾಚಾರ ಅವರದು. ಹೊಸ ಜಮೀನಿನಲ್ಲಿ ಹೊರಗಿನವರು ತಾವಾಗಿಯೇ ಇಂಥ ಜಾಗವನ್ನು ಕಂಡುಹಿಡಿಯಬೇಕಾದರೆ ಇಡೀ ಋತುವೇ ಕಳೆಯುತ್ತದೆ. ಮಿಸ್ಸೋರಿಯ ವಸಂತದ ಋತುವಾದರೋ ಏಪ್ರಿಲ್‌ನ ಮೂರನೆಯ ಸೋಮವಾರದ ಸುಮಾರಿಗೆ ಆರಂಭವಾಗಿ ಮೂರೇ ವಾರಗಳಲ್ಲಿ ಮುಗಿಯುತ್ತದೆ.

ಆ ಬೆಳಗಿನ ಹುಂಜ ಮರದ ಮೇಲಿಂದಲೇ ಮತ್ತೆ ಮತ್ತೆ ಕೂಗಿತು. ಗೈಡ್ ಸ್ಲೇಟಿನ ಕರೆಬಿಲ್ಲೆಯ ಮೇಲೆ ಕಡ್ಡಿಯನ್ನು ನವಿರಾಗಿ ಎಳೆದು, ಮಲಗೆದ್ದ ಹೇಟೆಯ ಮೆಲುದನಿಯನ್ನು ಎರಡು ಮೂರು ಸಲ ಹೊರಡಿಸಿ ಸುಮ್ಮನಾದರು. ಹುಂಜವು ಇಳಿದದ್ದು ರೆಕ್ಕೆಯ ಭಾರವಾದ ಸದ್ದಿನಿಂದ ತಿಳಿಯಿತು. ಅದರ ಬೆನ್ನಿಗೆ ನಾಲ್ಕೈದು ಹೇಟೆಗಳೂ ಇಳಿದವು, ಗುಂಪು ನಮಗೆ ಬೆನ್ನು ಹಾಕಿ ಕೆಳಗಿನ ಹುಲ್ಲುಗಾವಲಿನತ್ತ ನಡೆಯಿತು. ಹತ್ತು ನಿಮಿಷಗಳಲ್ಲಿ ಕಾಡು ನಿಶ್ಶಬ್ದವಾಯಿತು. ಹಿರಿಯ ಗೈಡ್ ಎದ್ದು ಬೆನ್ನಟ್ಟಲಿಲ್ಲ, ಕರೆಯ ಸದ್ದನ್ನು ಏರಿಸಲೂ ಇಲ್ಲ. ಹೇಟೆಗಳು ಬೆಳಗಿನ ಮೇವು ಮುಗಿಸಿ ಒಂದೊಂದಾಗಿ ಮೊಟ್ಟೆಯಿಡಲು ಗೂಡಿನತ್ತ ಸರಿಯುತ್ತವೆ, ಆಮೇಲೆ ಒಂಟಿಯಾದ ಹುಂಜ ಬೆಳಗ್ಗೆ ತಾನು ಕೇಳಿದ ದನಿಯನ್ನು ಹುಡುಕಿಕೊಂಡು ಬರುವ ಸಂಭವ ಹೆಚ್ಚು ಎಂದು ಪಿಸುದನಿಯಲ್ಲಿ ವಿವರಿಸಿ, ಮರಕ್ಕೆ ಒರಗಿ ಕೂತರು. ಟರ್ಕಿ ಶಿಕಾರಿಯಲ್ಲಿ ಇದಕ್ಕಿಂತ ಬೆಲೆಬಾಳುವ ಸಲಹೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ದುರದೃಷ್ಟವೆಂದರೆ ಆ ಸಲಹೆಗೆ ಸಂಸ್ಥೆಯ ದಿನಚರಿಯೇ ಅಡ್ಡ ಬರುತ್ತದೆ. ಒಂಬತ್ತು ಗಂಟೆಗೆ ವಾಹನ ಬಂದು ಎಲ್ಲರನ್ನೂ ತಿಂಡಿಗೆ ಹೊರಡಿಸುತ್ತದೆ. ತಿಂಡಿ ಚೆನ್ನಾಗಿಯೇ ಇರುತ್ತದೆ, ಆದರೆ ಹುಂಜ ಒಂಟಿಯಾಗುವ ಹೊತ್ತಿಗೆ ಸರಿಯಾಗಿ ಕಾಡನ್ನು ಖಾಲಿ ಮಾಡಿಸುವುದು ಯಾವ ಸೀಮೆಯ ಏರ್ಪಾಡು? ಮಿಸ್ಸೋರಿಯಲ್ಲಿ ಹಿಂದೆ ಮಧ್ಯಾಹ್ನ ಒಂದು ಗಂಟೆಗೆ ಶಿಕಾರಿ ನಿಲ್ಲಿಸಬೇಕೆಂಬ ನಿಯಮವಿತ್ತು. 2024ರಿಂದ ಖಾಸಗಿ ಜಮೀನುಗಳಲ್ಲಿ ಸೂರ್ಯಾಸ್ತದವರೆಗೂ ಅವಕಾಶ ಸಿಕ್ಕಿದೆ, ಸಾರ್ವಜನಿಕ ಜಮೀನುಗಳಲ್ಲಿ ಮಾತ್ರ ಒಂದು ಗಂಟೆಯ ಮಿತಿ ಮುಂದುವರಿದಿದೆ. ಖಾಸಗಿ ಜಮೀನಿನ ಹೆಸರಿನಲ್ಲಿಯೇ ಹೆಚ್ಚಿನ ಶುಲ್ಕ ಪಡೆಯುವ ಸಂಸ್ಥೆ ಆ ಜಮೀನು ಕೊಡುವ ಸಮಯದ ಅನುಕೂಲವನ್ನು ಬಳಸಿಕೊಳ್ಳದಿರುವುದು ನನಗೆ ಅರ್ಥವಾಗದ ಸಂಗತಿ. ಬುತ್ತಿ ಕಟ್ಟಿಕೊಡಿ ಎಂದು ಕೇಳಿದ ಮೇಲೆ ಕಟ್ಟಿಕೊಟ್ಟರು. ಕೇಳದಿದ್ದವರು ವಸತಿಗೃಹದ ಜಗಲಿಯಲ್ಲಿ ಕಾಫಿ ಕುಡಿಯುತ್ತ ದೂರದ ಕೂಗುಗಳನ್ನು ಕೇಳಿಸಿಕೊಂಡರು.

ಇನ್ನೊಂದು ದೂರು ಗೈಡ್‌ಗಳ ಹಂಚಿಕೆಯ ಬಗ್ಗೆ. ನಡುವೆ ಒಂದು ದಿನ ಹಿರಿಯರನ್ನು ಬೇರೆ ಗುಂಪಿಗೆ ಕಳಿಸಿ ನಮಗೆ ಕಿರಿಯರೊಬ್ಬರನ್ನು ಕೊಟ್ಟರು, ಮೊದಲೇ ತಿಳಿಸಲೂ ಇಲ್ಲ. ಅವರು ಸಭ್ಯರು, ಉತ್ಸಾಹಿ, ಬಾಯೊಳಗಿಟ್ಟು ಊದುವ ತೆಳುಪೊರೆಯ ಕರೆಯನ್ನು ನುಡಿಸುವುದರಲ್ಲಿ ಸ್ಪರ್ಧೆಗೆ ನಿಲ್ಲಬಲ್ಲವರು. ಕಷ್ಟವೆಂದರೆ ಅವರಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ. ಹುಂಜ ಉತ್ತರಿಸಿದಾಗಲೆಲ್ಲ ಇವರೂ ಕರೆದರು, ಅದು ಮತ್ತೆ ಉತ್ತರಿಸಿತು, ಇವರು ಮತ್ತೆ ಕರೆದರು. ಇಷ್ಟು ಆತುರ ತೋರುವ ಹೇಟೆ ತಾನಾಗಿಯೇ ಬರುತ್ತದೆಂದು ಬಗೆದ ಹುಂಜ ದಿಣ್ಣೆಯ ನೆತ್ತಿಯಲ್ಲಿ ಬಾಲ ಬಿಚ್ಚಿಕೊಂಡು, ಮದುವೆಮನೆಯ ಬಾಗಿಲಲ್ಲಿ ನಿಂತ ಬೀಗರ ಹಾಗೆ, ಒಳಗೂ ಬಾರದೆ ಹೊರಗೂ ಹೋಗದೆ ಬಹಳ ಹೊತ್ತು ಮೆರೆಯಿತು. ಕೊನೆಗೆ ಆಚೆಯ ಇಳಿಜಾರಿನಲ್ಲಿ ಮರೆಯಾಯಿತು. ಹಾಗಾದದ್ದಕ್ಕೆ ಬೇಸರವಿಲ್ಲ, ಅದು ಈ ಶಿಕಾರಿಯಲ್ಲಿ ನಿತ್ಯದ ಮಾತು. ಆದರೆ ಎರಡು ದರ್ಜೆಯ ಸೇವೆಯನ್ನು ಒಂದೇ ದರಕ್ಕೆ ಮಾರುವುದು ಸರಿಯಲ್ಲ.

ಸುರಕ್ಷತೆಯ ವಿಷಯದಲ್ಲಿ ಸಂಸ್ಥೆಯನ್ನು ಮನಸಾರೆ ಮೆಚ್ಚಬೇಕು. ಅಲುಗಾಡದೆ ಕೂತು ಹೇಟೆಯ ದನಿ ಹೊರಡಿಸುತ್ತಿರುವ ಮನುಷ್ಯನನ್ನು ಇನ್ನೊಬ್ಬ ಶಿಕಾರಿಯವನು ಹಕ್ಕಿಯೆಂದೇ ತಿಳಿಯುವ ಅಪಾಯ ಇಲ್ಲಿ ನಿಜವಾದದ್ದು. ಬೆದೆಯ ಹುಂಜದ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಈ ಮೂರು ಬಣ್ಣಗಳೂ ಇರುವುದರಿಂದ, ಅವು ಕರವಸ್ತ್ರದಲ್ಲಾಗಲಿ ಕಾಲುಚೀಲದಲ್ಲಾಗಲಿ ಇರಬಾರದೆಂದು ಹೊರಡುವ ಮೊದಲು ಪ್ರತಿಯೊಬ್ಬರನ್ನೂ ಪರೀಕ್ಷಿಸಿದರು. ಒರಗುವ ಮರ ಭುಜಗಳಿಗಿಂತ ಅಗಲವಾಗಿರಬೇಕು, ಬೇರೆಯವರು ಹತ್ತಿರ ಬಂದರೆ ಕೈ ಬೀಸದೆ ಗಟ್ಟಿಯಾಗಿ ಮಾತನಾಡಬೇಕು, ಹೊಡೆದ ಹಕ್ಕಿಯನ್ನು ಹೊತ್ತು ತರುವಾಗ ಕಿತ್ತಳೆ ಬಣ್ಣದ ಬಟ್ಟೆ ಸುತ್ತಬೇಕು ಎಂಬ ನಿಯಮಗಳಲ್ಲಿ ರಿಯಾಯಿತಿಯೇ ಇರಲಿಲ್ಲ.

ಕೋವಿಯ ಪರೀಕ್ಷೆಯೂ ಅಷ್ಟೇ ಅಚ್ಚುಕಟ್ಟಾಗಿತ್ತು. ಮಿಸ್ಸೋರಿಯಲ್ಲಿ ಟರ್ಕಿಗೆ ರೈಫಲ್ ಬಳಸುವಂತಿಲ್ಲ. ಶಾಟ್‌ಗನ್ ಆದರೆ ನಾಲ್ಕನೆಯ ಸಂಖ್ಯೆಯ ಅಥವಾ ಅದಕ್ಕಿಂತ ಸಣ್ಣ ಚರೆಯ ತೋಟಾ ಮಾತ್ರ (ಸಂಖ್ಯೆ ಹೆಚ್ಚಿದಷ್ಟೂ ಚರೆ ಸಣ್ಣದು). ಬಂದವರೆಲ್ಲರೂ ತಮ್ಮ ಕೋವಿಯಿಂದ 40 ಗಜ ದೂರದ ಕಾಗದಕ್ಕೆ ಮೊದಲು ಈಡು ಹೊಡೆದು, ಚರೆ ಎಷ್ಟು ಒತ್ತಾಗಿ ಬೀಳುತ್ತದೆಂದು ತೋರಿಸಬೇಕಿತ್ತು. ಕಾಗದದಲ್ಲಿ ಚರೆ ಚದುರಿದವರಿಗೆ ಇನ್ನೂ ಹತ್ತಿರದ ಮಿತಿಯನ್ನು ಹಾಕಿಕೊಟ್ಟರು. ಈಚೆಗೆ ಬಳಕೆಗೆ ಬಂದಿರುವ ಟಂಗ್‌ಸ್ಟನ್ ಚರೆಯ ತೋಟಾ ಸಂಸ್ಥೆಯ ಮಳಿಗೆಯಲ್ಲಿ ಮಾರಾಟಕ್ಕಿದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11 ಗ್ರಾಂಗೆ ತುಸು ಮೇಲಿದ್ದರೆ ಇದರದು ಸುಮಾರು 18 ಗ್ರಾಂ. ಆದ್ದರಿಂದ ಒಂಬತ್ತನೆಯ ಸಂಖ್ಯೆಯ ಪುಟ್ಟ ಚರೆಯೂ ಆಳಕ್ಕಿಳಿಯುತ್ತದೆ, ಒಂದು ತೋಟಾದಲ್ಲಿ ಹೆಚ್ಚು ಚರೆ ಹಿಡಿಸುತ್ತದೆ. ಬೆಲೆ ಮಾತ್ರ ಸೀಸದ ತೋಟಾದ ಹಲವು ಪಟ್ಟು. ಅದನ್ನು ಹಾಕಿಕೊಂಡು ಅರುವತ್ತು ಎಪ್ಪತ್ತು ಗಜಕ್ಕೆ ಹೊಡೆಯುವವರಿಗೆ ಕರೆಯುವ ಕಲೆಯಾದರೂ ಏಕೆ ಬೇಕೋ!

ಹಿರಿಯ ಗೈಡ್ ಮರಳಿದ ದಿನ, ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ದಿಣ್ಣೆಯ ಕೆಳಗೆ ಕೂತಾಗ ಹುಂಜವೊಂದು ಕೂಗದೆಯೇ ಬಂದಿತು. ಅದು ಕಾಣುವುದಕ್ಕೆ ಮೊದಲು ಎದೆಗೆ ತಾಗುವಂಥ ಒಂದು ಗುಂಯ್‌ಗುಡುವಿಕೆ, ನಡುನಡುವೆ ಉಗುಳಿದಂಥ ಚಿಕ್ಕ ಸದ್ದು, ಬಳಿಕ ರೆಕ್ಕೆಯ ತುದಿಗಳು ಒಣಎಲೆಗಳ ಮೇಲೆ ಉಜ್ಜುವ ಸದ್ದು ಕೇಳಿಸಿದವು. ಡಾಗ್‌ವುಡ್ ಮರದ ಬಿಳಿ ಹೂಗಳ ಹಿಂದೆ ತಲೆಯ ಬಿಳುಪು ಕಂಡದ್ದು ಆಮೇಲೆಯೇ. ಅದು ದಪ್ಪ ಓಕ್ ಮರದ ಹಿಂದೆ ಹಾಯುವವರೆಗೆ ಕೋವಿ ಎತ್ತದಂತೆ ಗೈಡ್ ಮೊಣಕಾಲಿನಿಂದ ನನ್ನ ಕಾಲನ್ನು ಒತ್ತಿ ಹಿಡಿದಿದ್ದರು. ಮೂವತ್ತು ಗಜದಲ್ಲಿ ಒಂದೇ ಈಡಿಗೆ ಹಕ್ಕಿ ಬಿದ್ದಿತು. ಒಂದು ಅಂಗುಲ ಮೀರಿದ ಕಾಲುಮುಳ್ಳುಗಳಿದ್ದ, ಎದೆಯಿಂದ ಇಳಿಯುವ ಗಡ್ಡದಂಥ ಗರಿಕುಚ್ಚು ನೀಳವಾಗಿದ್ದ ಪ್ರಾಯದ ಹುಂಜ ಅದು. ಅದೇ ಸಂಜೆ ಹತ್ತು ಗಂಟೆಯೊಳಗೆ ಟೆಲಿಚೆಕ್ ವ್ಯವಸ್ಥೆಯಲ್ಲಿ ಹಕ್ಕಿಯ ವರದಿ ಮಾಡುವುದು ಕಾನೂನು. ಸಂಸ್ಥೆಯವರು ಅದನ್ನು ಎದುರಿಗೆ ನಿಂತು ಮಾಡಿಸಿದರು. ಮಾಂಸವನ್ನು ಹಸನುಮಾಡುವಾಗ ಎದೆಯ ಜೊತೆಗೆ ಕಾಲಿನ ಮಾಂಸವನ್ನೂ ಉಳಿಸಿಕೊಟ್ಟದ್ದು ಒಳ್ಳೆಯ ಲಕ್ಷಣ. ಕಾಲು ಗಟ್ಟಿಯೆಂದು ಎಸೆಯುವವರು ಬಹಳ.

ಕೋಣೆಗಳು ಶುಚಿಯಾಗಿವೆ. ಉಣುಗುಗಳ ಕಾಟ ಓಝಾರ್ಕ್ ಪ್ರದೇಶದಲ್ಲಿ ವಿಪರೀತವಿದ್ದು, ಲೋನ್ ಸ್ಟಾರ್ ಎಂಬ ಜಾತಿಯ ಉಣುಗು ಕಚ್ಚಿದರೆ ಕೆಲವರಿಗೆ ದನ, ಹಂದಿಗಳ ಮಾಂಸವೇ ಒಗ್ಗದಂಥ ಅಲರ್ಜಿ ತಗಲಬಹುದು. ಬಟ್ಟೆಗೆ ಮುಂಚಿತವಾಗಿ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಸಿಂಪಡಿಸಿಕೊಂಡು ಬರುವಂತೆ ಸಂಸ್ಥೆಯ ಪತ್ರದಲ್ಲಿ ಒಂದು ಸಾಲು ಸೇರಿಸಬಹುದಿತ್ತು, ಸೇರಿಸಿಲ್ಲ. ಮಳೆಯ ದಿನಕ್ಕೆ ಪರಿಹಾರವೂ ಇಲ್ಲ.

ಜಾಹೀರಾತಿನಲ್ಲಿ ಸಂಸ್ಥೆ ಹೇಳಿಕೊಳ್ಳುವ ಯಶಸ್ಸಿನ ಪ್ರಮಾಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರಲ್ಲಿ ಈಡು ಹೊಡೆದು ತಪ್ಪಿದವರನ್ನೂ ಸೇರಿಸಿದ್ದಾರೆ. ಕೇಳಿದರೆ ಮರೆಮಾಚದೆ ಒಪ್ಪುತ್ತಾರೆ, ಆದರೆ ಕೇಳಬೇಕು. ಮಿಸ್ಸೋರಿಯಲ್ಲಿ ಈ ಹಕ್ಕಿ ಒಂದು ಕಾಲಕ್ಕೆ ಬಹುತೇಕ ಅಳಿದುಹೋಗಿತ್ತು. ಹಿಡಿದು ಬೇರೆಡೆ ಬಿಡುವ ಕಾರ್ಯಕ್ರಮದಿಂದ ಚೇತರಿಸಿಕೊಂಡು, 1960ರಲ್ಲಿ ಮೂರೇ ದಿನಗಳ ವಸಂತದ ಋತುವಿನೊಂದಿಗೆ ಶಿಕಾರಿ ಮತ್ತೆ ಆರಂಭವಾಯಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಏರಿದ್ದ ಸಂಖ್ಯೆ ಆಮೇಲೆ ಇಳಿದಿದೆ. ನೆಲದಲ್ಲಿ ಗೂಡು ಮಾಡುವ ಈ ಹಕ್ಕಿಯ ಮರಿಗಳು ಸಾಕಷ್ಟು ಉಳಿಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಯಶಸ್ಸಿನ ಪ್ರಮಾಣವನ್ನು ದೊಡ್ಡಕ್ಷರಗಳಲ್ಲಿ ಅಚ್ಚುಹಾಕುವುದು ಶೋಭಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ, ಕಾನೂನು ಬಿಟ್ಟರೂ ಒಂದು ವರ್ಷದ ಎಳೆಯ ಹುಂಜಗಳನ್ನು ಹೊಡೆಯಬಾರದೆಂಬ ನಿಯಮವನ್ನು ಸಂಸ್ಥೆ ತನ್ನ ಜಮೀನಿನಲ್ಲಿ ಇಟ್ಟುಕೊಂಡಿರುವುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ನಿಯಮದಿಂದ ಬರಿಗೈಯಲ್ಲಿ ಹೋಗಬೇಕಾಗಿ ಬಂದ ಅತಿಥಿಯೊಬ್ಬರು ಕೂಗಾಡಿದಾಗಲೂ ವ್ಯವಸ್ಥಾಪಕರು ಕದಲಲಿಲ್ಲ.

ಹೊಸದಾಗಿ ಕಾಯ್ದಿರಿಸುವವರು ಹಕ್ಕಿ ಸಿಗುತ್ತದೆಯೇ ಎಂದು ಕೇಳುವ ಬದಲು, ಒಬ್ಬ ಗೈಡ್‌ಗೆ ಎಷ್ಟು ಅತಿಥಿಗಳು, ಕೊನೆಯವರೆಗೂ ಅದೇ ಗೈಡ್ ಇರುತ್ತಾರೆಯೇ, ಕಾಡಿನಲ್ಲಿ ಎಷ್ಟು ಹೊತ್ತಿನವರೆಗೆ ಕೂರಬಹುದು, ಒಂದೇ ಜಮೀನನ್ನು ಋತುವಿನಲ್ಲಿ ಎಷ್ಟು ಗುಂಪುಗಳಿಗೆ ಕೊಡುತ್ತಾರೆ ಎಂದು ವಿಚಾರಿಸಬೇಕು. ಪರವಾನಗಿಯ ಶುಲ್ಕ ಪ್ಯಾಕೇಜಿನಲ್ಲಿ ಸೇರಿಲ್ಲ; ಗೈಡ್‌ಗೆ ಕೊಡುವ ಇನಾಮು ಬೇರೆ. ಹಿರಿಯ ಗೈಡ್ ಸಿಗುವುದಾದರೆ ಮುಂದಿನ ಋತುವಿಗೂ ಮುಂಗಡ ಕಟ್ಟಲು ನಾನು ಸಿದ್ಧನಿದ್ದೇನೆ. ಅದನ್ನು ಬರೆದುಕೊಡಿ ಎಂದು ಸಂಸ್ಥೆಗೆ ಕಳಿಸಿದ ಪತ್ರಕ್ಕೆ, ನೋಡೋಣ ಎಂಬ ಉತ್ತರ ಬಂದಿದೆ.